ಗಾಣದ ಹಿಂಡಿಯಿಂದ ಕಡಲೆಬೀಜದ ಹಿಟ್ಟು

ಗಾಣದಲ್ಲಿ ಎಣ್ಣೆ ಆಡಿಸಿ, ಹಿಂಡಿಯನ್ನು ಅಲ್ಲೇ ಬಿಟ್ಟು ಬರುವವರೇ ಜಾಸ್ತಿ. ಕಡಲೆಬೀಜದಲ್ಲಿ ಪ್ರೋಟೀನ್ ನೂರಕ್ಕೆ 25ರಷ್ಟು, ಎಣ್ಣೆ ತೆಗೆದ ಹಿಂಡಿಯಲ್ಲಿ 40ರ ಆಸುಪಾಸು. ಆದರೆ ಎಲ್ಲ ಹಿಂಡಿಯೂ ಒಂದೇ ಅಲ್ಲ. ನಮ್ಮ ಪಕ್ಕದ ಮನೆಯವರು ಮೇವಿನ ಅಂಗಡಿಯ ಎಕ್ಸ್‌ಪೆಲ್ಲರ್ (ಒತ್ತಿ ಎಣ್ಣೆ ತೆಗೆಯುವ ಯಂತ್ರ) ಹಿಂಡಿ ತಂದು ರೊಟ್ಟಿ ತಟ್ಟಿದರು. ಮರಳು ಅಗಿದ ಹಾಗಿತ್ತು. ದನಕ್ಕೆಂದು ಮಾಡಿದ್ದನ್ನು ತಿನ್ನಲೇಬಾರದು, ಅದು ಬೇರೆ ಮಾತು.

ಮೊದಲು 5 ಕೆಜಿ ಹುರಿಯದ ಬೀಜ ಆರಿಸಿ. ಮುರುಟಿದ್ದು, ಬೂಷ್ಟು ಹಿಡಿದದ್ದು ಒಂದೂ ಬೇಡ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಎಣ್ಣೆಗಿಂತ ಹಿಂಡಿಯಲ್ಲೇ ಜಾಸ್ತಿ ಉಳಿಯುತ್ತದೆ, ಹುರಿದರೂ ಪೂರ್ತಿ ಹೋಗಲ್ಲ.

ಮರದ ಗಾಣದಲ್ಲೇ ಆಡಿಸಿ, ನಿಧಾನಕ್ಕೆ. ಎಕ್ಸ್‌ಪೆಲ್ಲರ್‌ನಲ್ಲಿ ಶಾಖ 100 ಡಿಗ್ರಿ ದಾಟುವುದುಂಟು. ಆಗ ಪ್ರೋಟೀನ್ ಗಟ್ಟಿಯಾಗಿ ನೀರಿಗೆ ಬಿಡುವುದಿಲ್ಲ, ಮೈಗೆ ಬೇಕಾದ ಲೈಸಿನ್ ಎಂಬ ಪ್ರೋಟೀನ್ ಅಂಶ ಕೂಡ ಕಮ್ಮಿಯಾಗುತ್ತದೆ. ಹೆಕ್ಸೇನ್ ಎಂಬ ದ್ರಾವಕ ಹಾಕಿ ಎಣ್ಣೆ ತೆಗೆಯುವ ಕಾರ್ಖಾನೆಯಲ್ಲಿ ಹೆಚ್ಚು ಕೆಡಿಸುವುದು ಹೆಕ್ಸೇನ್ ಅಲ್ಲ, ಆಮೇಲೆ ಅದನ್ನು ಓಡಿಸಲು ಹಾಯಿಸುವ ಹಬೆ. ಅಡುಗೆಮನೆಯ ಪುಟ್ಟ ಎಣ್ಣೆ ಮೆಷಿನ್‌ಗೆ ದುಡ್ಡು ಹಾಕಬೇಡಿ. ಅವುಗಳಲ್ಲಿ ಎಷ್ಟೋ ಮೊದಲು ಕೊಳವೆ ಕಾಯಿಸಿಕೊಂಡೇ ಶುರುವಾಗುತ್ತವೆ.

ಎಲ್ಲರೂ ಎಡವುವುದು ಮುಂದೆ. ಗಾಣದವರು ನೀರು ಚಿಮುಕಿಸುವುದರಿಂದ ಹಿಂಡಿಯಲ್ಲಿ ಪಸೆ ಇರುತ್ತದೆ. ಚೀಲದಲ್ಲಿ ಕಟ್ಟಿಟ್ಟರೆ ಮರುದಿನವೇ ಮುಗ್ಗುಲು ವಾಸನೆ. ಮನೆಗೆ ಬಂದ ತಕ್ಷಣ ಕೈಯಲ್ಲಿ ಪುಡಿ ಮಾಡಿ, ಬಟ್ಟೆ ಮೇಲೆ ತೆಳ್ಳಗೆ ಹರಡಿ. ಫ್ಯಾನ್ ಸಾಕು, ಎಳೆಬಿಸಿಲೂ ಆಗುತ್ತದೆ. ಬೇಗ ಒಣಗಲಿ ಅಂತ ಬಾಣಲೆಗೆ ಹಾಕಿದರೆ ಗಾಣಕ್ಕೆ ಹೋದದ್ದೇ ದಂಡ. ಚಿಟಿಕೆ ಹಿಂಡಿ ಉಜ್ಜಿದರೆ ಅಂಟದೆ ಉದುರಬೇಕು. ಆಮೇಲೆ ಮಿಕ್ಸಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುವಿ, ಜರಡಿ ಹಿಡಿಯಿರಿ.

ಹಿಟ್ಟು ಸರಿಯಿದೆಯಾ? ಒಂದು ಲೋಟ ಬೆಚ್ಚಗಿನ ನೀರಿಗೆ 2 ಚಮಚ ಹಿಟ್ಟು, ಚಿಟಿಕೆ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ಆಗಾಗ ಕದಡಿ, ಬಟ್ಟೆಯಲ್ಲಿ ಸೋಸಿ. ಹಾಲಿನಂತೆ ಇಳಿಯಬೇಕು. ನಿಂಬೆರಸ ಹಿಂಡುತ್ತಾ ಹೋದರೆ ಬಿಳಿ ಚೂರುಗಳಾಗಿ ಒಡೆಯುತ್ತದೆ. ಆ ಚೂರೇ ಪ್ರೋಟೀನ್. ಕಾದ ಹಿಂಡಿಯಾದರೆ ತೆಳು ಕಂದು ನೀರು ಬರುತ್ತದೆ, ನಿಂಬೆ ದಂಡ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಬೆರೆಸಿ ‘ಮಿಲ್ಟೋನ್’ ಎಂಬ ಪೇಯ ಮಾಡಿದ್ದೂ ಹೀಗೆ ನೀರಿಗೆ ಬಿಡುವ ಗುಣದಿಂದಲೇ.

ರೊಟ್ಟಿಗೆ ನಾಲ್ಕು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಇದು, ಅದಕ್ಕಿಂತ ಜಾಸ್ತಿ ಬೇಡ. ಹಿಂಡಿಯಲ್ಲಿ ಎಣ್ಣೆ ಇನ್ನೂ ಉಳಿದಿರುತ್ತದೆ, ಬೇಗ ಕಮಟು ಹಿಡಿಯುತ್ತದೆ. ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಖಾಲಿ ಮಾಡಿ.