ಹೂಳಿನ ಜೊತೆ ಕಪ್ಪೆಚಿಪ್ಪನ್ನೂ ಹೊಲಕ್ಕೆ ಸಾಗಿಸಬೇಡಿ

ಕಾಲುವೆ ಬಂದ್ ಆಗಿ ಬಿಸಿಲು ಬಲಿಯಿತೆಂದರೆ ಕೊಪ್ಪಳ, ಸಿಂಧನೂರು, ಸಿರುಗುಪ್ಪ ಕಡೆಯ ಕೆರೆಗಳಿಗೆ ಹಿಟಾಚಿ ಇಳಿಯುತ್ತದೆ. ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಹೂಳು ಸಾಗಿಸುತ್ತವೆ. ಹೊಲಕ್ಕೆ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ತುಂಬಿದ ನೀರು ತಿಳಿಯಾಗದೆ ಹಸಿರುಗಟ್ಟಿ ನಿಲ್ಲುತ್ತದೆ. ಗದ್ದೆಯಿಂದ ಬರುವ ಗೊಬ್ಬರದ ನೀರು ಒಂದು ಕಾರಣವಾದರೆ, ಆ ನೀರನ್ನು ಸೋಸುತ್ತಿದ್ದ ಕಪ್ಪೆಚಿಪ್ಪುಗಳು ಹೂಳಿನೊಂದಿಗೆ ಟ್ರೇಲರ್ ಹತ್ತಿಹೋದದ್ದು ಇನ್ನೊಂದು.

ಸಮುದ್ರದ ಸಿಂಪಿಯೂ ಇದೇ ಕೆಲಸ ಮಾಡುತ್ತದೆ. ದೊಡ್ಡದೊಂದು ಸಿಂಪಿ ಅನುಕೂಲವಿದ್ದರೆ ದಿನಕ್ಕೆ 190 ಲೀಟರ್‌ವರೆಗೆ ನೀರು ಸೋಸಬಲ್ಲದು. ಅಮೆರಿಕದ ಚೆಸಾಪೀಕ್ ಕೊಲ್ಲಿಯಲ್ಲಿ ಹಾಳಾದ ಸಿಂಪಿ ದಿಬ್ಬಗಳನ್ನು ಮತ್ತೆ ಕಟ್ಟಲು ಹಳೆಯ ಚಿಪ್ಪುಗಳನ್ನೇ ತಳಕ್ಕೆ ಸುರಿಯುತ್ತಾರೆ. ಮರಿಗಳು ಬಂದು ಅವಕ್ಕೆ ಅಂಟಿಕೊಳ್ಳುತ್ತವೆ. ಇದನ್ನು ನೋಡಿ ನಮ್ಮ ಕೆರೆಗೆ ಕಲ್ಲು, ಖಾಲಿ ಚಿಪ್ಪು ಸುರಿದರೆ ಪ್ರಯೋಜನವಿಲ್ಲ. ಕೆರೆಯ ಕಪ್ಪೆಚಿಪ್ಪಿನ ಮರಿ ಕಲ್ಲಿಗೆ ಅಂಟುವುದಿಲ್ಲ. ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಂಡು ಕೆಲವು ದಿನ ಬೆಳೆದು, ಕಳಚಿ ಕೆಸರಿಗೆ ಬೀಳುತ್ತದೆ. ಅದಕ್ಕೆ ಬೇಕಾದ್ದು ಮೆತ್ತನೆಯ ತಳ ಮತ್ತು ಮೀನು.

ಮಡು ಗುರುತಿಸಿ

ಯಂತ್ರ ಇಳಿಯುವ ಮೊದಲೇ ಕೆರೆಯಲ್ಲಿ ಒಂದು ಮಡುವನ್ನು ಮುಟ್ಟದೆ ಬಿಡಬೇಕೆಂದು ಪಂಚಾಯಿತಿಯಲ್ಲಿ ತೀರ್ಮಾನ ಮಾಡಿಸಿ. ಮೇ ಕೊನೆಯಲ್ಲೂ ಅಲ್ಲಿ ಮೂರಡಿ ನೀರು ಇರಬೇಕು. ಅತಿ ಆಳದ, ಕಪ್ಪು ರಾಡಿ ನಾರುವ ಜಾಗ ಬೇಡ. ಅಲ್ಲಿ ಆಮ್ಲಜನಕ ಕಡಿಮೆ. ಸುತ್ತ ನಾಲ್ಕು ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿ. ಹಿಟಾಚಿ ಓಡಿಸುವವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಮಧ್ಯಾಹ್ನ ಡ್ರೈವರ್ ಬದಲಾಗಿರುತ್ತಾನೆ.

ಹೂಳನ್ನು ಗರಸು ಕಾಣುವ ತನಕ ತೋಡಿಸಬೇಡಿ. ತಳದ ಜಿಗಟು ಮಣ್ಣೇ ನೀರು ಇಂಗಿ ಹೋಗದಂತೆ ತಡೆಯುವುದು. ಏರಿಯ ಬುಡದಿಂದ ಕನಿಷ್ಠ 10 ಮೀಟರ್ ದೂರವಿರಲಿ.

ಆರಿಸುವುದು

ಹೂಳು ತೆಗೆಯುವ ಜಾಗದಲ್ಲಿರುವ ಕಪ್ಪೆಚಿಪ್ಪುಗಳನ್ನು ಮೊದಲೇ ಆರಿಸಿ ಈ ಮಡುವಿಗೆ ಸಾಗಿಸಬೇಕು. ಆರಿಸುವ ಕೆಲಸವನ್ನು ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಮುಗಿಸಿ. ಕೆರೆಯಲ್ಲಿ ಮೀನು ಹಿಡಿಯುವವರನ್ನು ಕರೆದುಕೊಳ್ಳಿ, ಕಾಲಿನಲ್ಲೇ ತಡಕಿ ಹೇಳುತ್ತಾರೆ. ನೀರು ಸರಿದ ಕೆಸರಿನ ಮೇಲೆ ಬೆರಳಿನಲ್ಲಿ ಗೀರಿದಂತೆ ಗೆರೆ ಕಂಡರೆ ಅದರ ತುದಿಯಲ್ಲಿ ಚಿಪ್ಪು ಇರುತ್ತದೆ. ಚಿಪ್ಪಿನ ಜೀವಿಗಳನ್ನು ತಿನ್ನುವ ಬಾಯ್ಕಳಕ ಕೊಕ್ಕರೆಗಳು ಗುಂಪುಗೂಡಿದ ಜಾಗವನ್ನೂ ನೋಡಿ.

ಬದುಕಿದೆಯೋ ಇಲ್ಲವೋ ತಿಳಿಯಲು ಚಾಕು ಹಾಕಿ ತೆರೆಯುವವರಿದ್ದಾರೆ. ತೆರೆದ ಮೇಲೆ ಅದು ಉಳಿಯುವುದಿಲ್ಲ. ಎರಡು ಹೋಳುಗಳನ್ನು ಹೆಬ್ಬೆರಳಿನಿಂದ ಅಡ್ಡಕ್ಕೆ ಒತ್ತಿ: ಜೀವವಿದ್ದರೆ ಅಲುಗುವುದಿಲ್ಲ; ಕೆಸರು ತುಂಬಿದ ಸತ್ತ ಚಿಪ್ಪಾದರೆ ಜಾರುತ್ತದೆ. ಬಾಯಿ ಬಿಟ್ಟಿದ್ದು ಮುಟ್ಟಿದರೆ ಮುಚ್ಚಿಕೊಂಡರೆ ಇಟ್ಟುಕೊಳ್ಳಿ, ಮುಚ್ಚದಿದ್ದರೆ ಬಿಡಿ. ಒಂದು ಸತ್ತದ್ದು ಬುಟ್ಟಿಯಲ್ಲಿ ಸೇರಿದರೆ ಉಳಿದವೂ ಕೆಡುತ್ತವೆ.

ಸಾಗಿಸುವುದು ಮತ್ತು ನೆಡುವುದು

ಹೆಚ್ಚಿನವು ಸಾಯುವುದು ಈ ಹಂತದಲ್ಲಿ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಬಕೆಟ್‌ಗೆ ನೀರು ತುಂಬಿ, ಅದರಲ್ಲಿ ಚಿಪ್ಪು ಮುಳುಗಿಸಿ, ಬಿಸಿಲಲ್ಲೇ ಇಡುತ್ತಾರೆ. ಸ್ವಲ್ಪ ಹೊತ್ತಿಗೆ ಆ ನೀರು ಕಾದು, ಅದರೊಳಗಿನ ಆಮ್ಲಜನಕವೂ ತೀರುತ್ತದೆ. ನೀರೇ ಬೇಡ. ಅಗಲವಾದ ಬುಟ್ಟಿಗೆ ಕೆರೆ ನೀರಿನಲ್ಲಿ ನೆನೆಸಿದ ಸೆಣಬಿನ ಗೋಣಿ ಹಾಸಿ, ಎರಡು ಪದರಕ್ಕಿಂತ ಹೆಚ್ಚಿಲ್ಲದಂತೆ ಚಿಪ್ಪು ಜೋಡಿಸಿ, ಮೇಲೆ ಇನ್ನೊಂದು ಒದ್ದೆ ಗೋಣಿ ಮುಚ್ಚಿ ನೆರಳಲ್ಲಿಡಿ. ಯೂರಿಯಾ ಚೀಲವನ್ನು ತೊಳೆದಿದ್ದರೂ ಬಳಸಬೇಡಿ. ನಲ್ಲಿ ನೀರು ಚಿಮುಕಿಸಬೇಡಿ, ಅದರಲ್ಲಿ ಕ್ಲೋರಿನ್ ಇರುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಮೇಲಿಡುವುದೂ ತಪ್ಪು. ಎತ್ತಿಹಾಕುವುದು, ಕುಕ್ಕುವುದು ಬೇಡ: ಮರಿ ಹೊತ್ತ ಹೆಣ್ಣು ಗಾಬರಿಯಾದರೆ ಬಲಿಯದ ಮರಿಗಳನ್ನೇ ಹೊರಚೆಲ್ಲುತ್ತದೆ.

ಮಡುವಿನ ದಡಕ್ಕೆ ತಂದ ಮೇಲೆ ಅರ್ಧ ಗಂಟೆ ಆ ಮಡುವಿನ ನೀರನ್ನೇ ಬೊಗಸೆಯಲ್ಲಿ ಹಾಕುತ್ತಿರಿ. ಬುಟ್ಟಿಗೂ ಮಡುವಿಗೂ ಐದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾಯಬೇಕು.

ನೆಡುವಾಗ ಯಾವ ತುದಿ ಕೆಳಗೆ ಎಂಬುದೇ ಮುಖ್ಯ. ಚಿಪ್ಪಿನ ಬೆನ್ನಿನ ಮೇಲೆ ಒಂದು ಉಬ್ಬು ಇರುತ್ತದೆ, ಸಾಮಾನ್ಯವಾಗಿ ಸವೆದು ಬೆಳ್ಳಗಾಗಿರುತ್ತದೆ. ಆ ಉಬ್ಬಿಗೆ ಹತ್ತಿರವಿರುವ ಗಿಡ್ಡ ತುದಿ ಕೆಸರಿನೊಳಗೆ, ಉದ್ದನೆಯ ತುದಿ ಮೇಲೆ. ಗಿಡ್ಡ ತುದಿಯ ಕಡೆಯಿಂದ ಕಾಲು ಹೊರಬಂದು ತೋಡುತ್ತದೆ, ಉದ್ದ ತುದಿಯಿಂದ ನೀರು ಒಳಹೊರಗೆ ಆಡುತ್ತದೆ. ತಲೆಕೆಳಗಾಗಿ ಒತ್ತಿದರೆ ನೀರೆಳೆಯುವ ಬಾಯಿ ಕೆಸರಲ್ಲಿ ಹೂತು ಉಸಿರು ಕಟ್ಟುತ್ತದೆ. ಅನುಮಾನವಿದ್ದರೆ ಒತ್ತಲೇಬೇಡಿ; ಮೆತ್ತನೆಯ ತಳದಲ್ಲಿ ಮಗ್ಗುಲಾಗಿ ಮಲಗಿಸಿ, ಆರೋಗ್ಯವಾಗಿದ್ದರೆ ತಾನೇ ಕಾಲು ಚಾಚಿ ನಿಲ್ಲುತ್ತದೆ. ಅರ್ಧ ಮಾತ್ರ ಹೂಳಿ. ಚದರ ಮೀಟರಿಗೆ ಐದಾರು ಸಾಕು. ದಡದಿಂದ ಬುಟ್ಟಿ ಬೋರಲು ಹಾಕಿದರೆ ಒಂದರ ಮೇಲೊಂದು ಬಿದ್ದು ಅರ್ಧಕ್ಕರ್ಧ ಹೋಗುತ್ತವೆ.

ಹೊಸ ಕೆರೆಗೆ ಬೀಜವಾಗಿ ತರುವುದಾದರೆ ಅದೇ ಕಾಲುವೆಯ ಪಕ್ಕದ ಕೆರೆಯಿಂದ ತನ್ನಿ. ತುಂಗಭದ್ರೆಯಲ್ಲಿ ಮುದ್ಲಾಪುರ–ಕಂಪ್ಲಿ ನಡುವಿನದು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಅಲ್ಲಿಗೆ ಕೈ ಹಾಕಬೇಡಿ.

ಆಮೇಲೆ

ನೀರು ತುಂಬಿದ ಮೇಲೆ ಪಾಚಿ ಕಂಡಿತೆಂದು ಮೈಲುತುತ್ತ ಹಾಕಬೇಡಿ. ಅದರಲ್ಲಿರುವ ತಾಮ್ರ ಕಪ್ಪೆಚಿಪ್ಪಿಗೆ ವಿಷ. ‘ಎರಡೇ ದಿನದಲ್ಲಿ ನೀರು ತಿಳಿ’ ಎಂದು ಮಾರುವ ಪುಡಿಯ ಪೊಟ್ಟಣವನ್ನು ತಿರುಗಿಸಿ ಓದಿ. ತಾಮ್ರದ ಹೆಸರಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮೀನುಮರಿ ಬಿಡುವಾಗ ಆಫ್ರಿಕನ್ ಕ್ಯಾಟ್‌ಫಿಶ್ ಬೇಡವೇ ಬೇಡ, ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ತಳ ಕೆದಕಿ ನೀರು ರಾಡಿ ಮಾಡುವ ಸಾಮಾನ್ಯ ಗೆಂಡೆಯೂ ಹೆಚ್ಚು ಬೇಡ. ಕೆರೆಯಲ್ಲಿ ಮೊದಲಿಂದ ಇರುವ ಸಣ್ಣ ಮೀನುಗಳನ್ನು ಪೂರ್ತಿ ಬಾಚದೆ ಬಿಡಿ.

ತಿಂಗಳ ನಂತರ ಒಂದು ಮೀಟರ್ ಅಗಲದ ಬಿದಿರಿನ ಚೌಕಟ್ಟನ್ನು ಮಡುವಿನ ನಾಲ್ಕೈದು ಕಡೆ ಇಟ್ಟು ಒಳಗಿನವನ್ನು ಎಣಿಸಿ. ನಿಂತಿರುವುದು, ಮಲಗಿರುವುದು, ಸತ್ತದ್ದು ಬೇರೆ ಬೇರೆ ಬರೆದಿಡಿ. ಮಲಗಿರುವುದೇ ಹೆಚ್ಚಿದ್ದರೆ ತಳ ಗಟ್ಟಿಯಿದೆ ಎಂದು ಅನುಮಾನಿಸಿ; ಮುಂದಿನ ಬುಟ್ಟಿಗೆ ಮೆತ್ತನೆಯ ಜಾಗ ಹುಡುಕಿ.