ನಾಲೆಗೆ ಬಿದ್ದ ಫೋನೂ ನನ್ನ ಲಿಂಕುಗಳೂ

ಮಳವಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಒಳ್ಳೆಯ ವಿಡಿಯೋ, ಪ್ರಯೋಗದ ಪುಟ, ಏನು ಕಂಡರೂ ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಳ್ಳುವ ಅಭ್ಯಾಸವಿತ್ತು. ಹಾಲಿನ ಲೆಕ್ಕ, ಮದುವೆ ಕಾಗದ, ಓಮ್‌ನ ನಿಯಮ ಎಲ್ಲ ಒಂದೇ ಕಡೆ. ಒಂದು ಸಂಜೆ ನಾಲೆ ಏರಿ ಮೇಲೆ ಗಾಡಿ ನಿಲ್ಲಿಸಿ ಮಾತಾಡುತ್ತಿದ್ದಾಗ ಫೋನ್ ಕೈ ಜಾರಿ ನೀರು ಪಾಲಾಯಿತು. ಬ್ಯಾಕಪ್ ಇಟ್ಟಿರಲಿಲ್ಲ. ತಪ್ಪು ನನ್ನದೇ.

ಆಮೇಲೆ ಲಿಂಕುಗಳನ್ನು ಉಳಿಸಿಡುವ ರೈನ್‌ಡ್ರಾಪ್ ಎಂಬ ಬುಕ್‌ಮಾರ್ಕ್ ಆ್ಯಪ್ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ. ಲಿಂಕು ಫೋನಿನಲ್ಲಲ್ಲ, ಖಾತೆಯಲ್ಲಿ ಉಳಿಯುತ್ತದೆ. ಮನೆಯಲ್ಲಿ ಫೋನಿನಿಂದ ಉಳಿಸಿದ್ದು ಶಾಲೆಯ ಕಂಪ್ಯೂಟರಿನಲ್ಲೂ ಸಿಗುತ್ತದೆ. ಯೂಟ್ಯೂಬಿನಲ್ಲಿ ಶೇರ್ ಒತ್ತಿ ರೈನ್‌ಡ್ರಾಪ್ ಆರಿಸಿದರೆ ಕೆಲಸ ಮುಗಿಯಿತು.

ಉಳಿಸುವುದು ಸುಲಭ, ಹುಡುಕುವುದೇ ಕಷ್ಟ. ಲಿಂಕಿಗೆ ನಮಗೆ ಬೇಕಾದ ಪದವನ್ನು ಟ್ಯಾಗ್ ಆಗಿ ಅಂಟಿಸುವ ಪದ್ಧತಿಯನ್ನು ಜನಪ್ರಿಯ ಮಾಡಿದ್ದು 2003ರಲ್ಲಿ ಶುರುವಾದ ಡೆಲಿಷಸ್ ತಾಣ. ನಾನೂ ಹುರುಪಿನಲ್ಲಿ ಟ್ಯಾಗ್ ಹಾಕಿದ್ದೇ ಹಾಕಿದ್ದು. ಒಂದು ದಿನ 'ವಿದ್ಯುತ್', ಇನ್ನೊಂದು ದಿನ 'ಕರೆಂಟ್', ಮತ್ತೊಂದು ದಿನ 'ಎಲೆಕ್ಟ್ರಿಸಿಟಿ'. ಯಂತ್ರಕ್ಕೆ ಇವು ಮೂರೂ ಬೇರೆ ಬೇರೆ. ಹತ್ತನೇ ಕ್ಲಾಸಿನ ಮಕ್ಕಳು ಕಾಯುತ್ತಾ ಕೂತಿದ್ದಾರೆ, ನಾನು ಬೆವರುತ್ತಾ ಹುಡುಕುತ್ತಿದ್ದೇನೆ! ಅವತ್ತೇ ಒಂದು ಹಾಳೆಯಲ್ಲಿ ಹದಿನೈದು ಪದ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದೆ. ಅದರಲ್ಲಿ ಇಲ್ಲದ ಟ್ಯಾಗ್ ಹಾಕುವ ಹಾಗಿಲ್ಲ. ಪದಗಳೂ ಮಕ್ಕಳ ಬಾಯಲ್ಲಿ ಬರುವಂಥವೇ. ಹಾಗಾಗಿ 'ಕರೆಂಟ್' ಉಳಿಯಿತು, 'ವಿದ್ಯುತ್' ಹೋಯಿತು.

ಇನ್ನೊಂದು ನಿಯಮ ಮಾಡಿಕೊಂಡೆ. ಲಿಂಕಿನ ಕೆಳಗೆ ಒಂದು ಸಾಲು ಬರೆಯದೆ ಉಳಿಸುವುದಿಲ್ಲ. ಕೊಲೊರಾಡೊ ವಿಶ್ವವಿದ್ಯಾಲಯದವರ ಫೆಟ್ ತಾಣದಲ್ಲಿ ಪರದೆಯ ಮೇಲೇ ಬ್ಯಾಟರಿ, ವೈರು, ಬಲ್ಬು ಜೋಡಿಸಿ ಸರ್ಕ್ಯೂಟ್ ಮಾಡಬಹುದು. ಅದರ ಕೆಳಗೆ ನಾನು ಬರೆದದ್ದು: 'ಮೊದಲು ಬಲ್ಬ್ ಉರಿಯದ ಹಾಗೆ ಜೋಡಿಸಿ ತೋರಿಸು, ಯಾಕೆ ಅಂತ ಅವರೇ ಹೇಳಲಿ.' ಮುಂದಿನ ವರ್ಷ ನನಗೆ ಬೇಕಾಗುವುದು ಲಿಂಕಿಗಿಂತ ಈ ಸಾಲೇ ಅಲ್ವಾ? ಉದ್ದನೆಯ ವಿಡಿಯೋ ಆದರೆ ಎಷ್ಟನೇ ನಿಮಿಷದಿಂದ ತೋರಿಸಬೇಕು ಅಂತಲೂ ಬರೆಯುತ್ತೇನೆ. ಬರೆಯಲು ಏನೂ ತೋಚದಿದ್ದರೆ ಆ ಪುಟ ಬೇಕಾಗಿಲ್ಲ ಅಂತಲೇ ಲೆಕ್ಕ. ಹೀಗೆ ಅರ್ಧಕ್ಕರ್ಧ ಕಸ ಬಾಗಿಲಲ್ಲೇ ನಿಂತಿತು.

ಮಕ್ಕಳಿಗೆ ಬೇಕಾದ್ದನ್ನು ಬೇರೆ ಕಲೆಕ್ಷನ್ ಮಾಡಿ ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿದ್ದೇನೆ. ಅದರ ಕ್ಯೂಆರ್ ಕೋಡ್ ಲ್ಯಾಬಿನ ಗೋಡೆಯ ಮೇಲಿದೆ. ಪಠ್ಯಪುಸ್ತಕದಲ್ಲಿ ಸರ್ಕಾರದ ಕಲಿಕಾ ತಾಣ ದೀಕ್ಷಾದ ಕೋಡ್ ಸ್ಕ್ಯಾನ್ ಮಾಡಿ ಅವರಿಗೆ ರೂಢಿ ಇರುವುದರಿಂದ ಹೇಳಿಕೊಡುವುದೇನೂ ಇರಲಿಲ್ಲ. ಸಂಜೆ ಅಪ್ಪನ ಫೋನ್ ಕೈಗೆ ಸಿಕ್ಕಾಗ ನೋಡುತ್ತಾರೆ.

ಇಂಥ ಆ್ಯಪ್‌ಗಳೂ ಶಾಶ್ವತವಲ್ಲ. ಗೂಗಲ್ ಬುಕ್‌ಮಾರ್ಕ್ಸ್ 2021ರಲ್ಲಿ ನಿಂತಿತು, ಪಾಕೆಟ್ 2025ರ ಜುಲೈನಲ್ಲಿ. ಅದಕ್ಕೇ ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಒತ್ತಿ, ಎಲ್ಲ ಲಿಂಕೂ ಇರುವ ಎಚ್‌ಟಿಎಂಎಲ್ ಫೈಲನ್ನು ಪೆನ್‌ಡ್ರೈವಿಗೆ ಹಾಕುತ್ತೇನೆ. ಅದು ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ. ಬೇಸಿಗೆ ರಜೆ ಮುಗಿಯುವ ಮುಂಚೆ ಒಂದು ದಿನ ಕೂತು ಎಲ್ಲ ಲಿಂಕೂ ಒತ್ತಿ ನೋಡುತ್ತೇನೆ. ಸತ್ತಿರುವ ಪುಟದ ವಿಳಾಸವನ್ನು ವೇಬ್ಯಾಕ್ ಮಷೀನ್ ಎಂಬ ತಾಣಕ್ಕೆ ಹಾಕಿದರೆ ಹಳೆಯ ಪ್ರತಿ ಕೆಲವು ಸಲ ಸಿಗುತ್ತದೆ. ಬೇಜಾರಿನ ಕೆಲಸ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಒಬ್ಬಳು ಹುಡುಗಿ ಕೇಳಿದಳು: "ಮಿಸ್, ನಮ್ ಶಿವನಸಮುದ್ರದ ಕರೆಂಟು ಮೊದ್ಲು ಕೋಲಾರಕ್ಕೆ ಯಾಕೋಯ್ತು?" 1902ರಲ್ಲಿ ಅಲ್ಲಿ ತಯಾರಾದ ವಿದ್ಯುತ್ ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ನನ್ನ ಹದಿನೈದು ಪದಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಬೀರುವಿನ ಹಾಳೆಯ ಕೊನೆಗೆ ಅವಳೇ ಪೆನ್ನು ತಗೊಂಡು ಬರೆದಳು, 'ನಮ್ಮೂರು'.