ಸೂಟೆಡ್ ಎಲೆ ಆಡಿ ಲಾಭಕ್ಕೆ ಬಂದ ಕಥೆ: ನನ್ನ ಅನುಭವ

ಯುಗಾದಿಗೆ ಎಲೆ ಹಿಡಿಯದ ಮನೆ ನಮ್ಮ ಮಂಡ್ಯದ ಕಡೆ ಕಡಿಮೆ. ನಾನೂ ಮೂರೆಲೆ ಕಲಿತದ್ದು ಹಾಗೇ, ಚಿಕ್ಕಪ್ಪನ ಮನೆ ಜಗಲಿಯಲ್ಲಿ. ಅಲ್ಲಿ ಒಂದೇ ಜಾತಿಯ ಮೂರು ಎಲೆ ಬಂದರೆ ಕಲರ್. ಕೈಯಲ್ಲಿ ಕಲರ್ ಇದ್ದರೆ ಎಂಥವನಿಗೂ ಧೈರ್ಯ ಬರುತ್ತದೆ. ಪೋಕರ್‌ನಲ್ಲಿ ಕೈಗೆ ಎರಡೇ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಕೈಯ ಎರಡೂ ಒಂದೇ ಜಾತಿಯಾದರೆ ಸೂಟೆಡ್, ಒಟ್ಟು ಐದು ಒಂದೇ ಜಾತಿ ಕೂಡಿದರೆ ಫ್ಲಶ್. ಪೋಕರ್‌ಗೆ ಬಂದಾಗ ಆ ಕಲರ್‌ನ ಧೈರ್ಯವನ್ನೂ ಜೊತೆಗೇ ತಂದೆ. ನನ್ನ ದುಡ್ಡು ಹೋದದ್ದು ಅದರಿಂದಲೇ.

ನಾವು ಏಳು ಜನ. ಮೈಸೂರಿನ ಕುವೆಂಪುನಗರದಲ್ಲಿ ಗೆಳೆಯನ ಮನೆಯ ಮಹಡಿ ಕೋಣೆ, ಶನಿವಾರ ರಾತ್ರಿ. 5-10ರ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟುವ ದುಡ್ಡು), ಸಾವಿರದ ಬೈ-ಇನ್ (ಕೂರುವಾಗ ತರುವ ದುಡ್ಡು). ಮೊದಲ ಒಂದೂವರೆ ವರ್ಷದಲ್ಲಿ ನಾನು ಕಳೆದದ್ದು ಹತ್ತಿರ ಹತ್ತಿರ 38 ಸಾವಿರ. ಮಂಡ್ಯಕ್ಕೆ ವಾಪಸ್ ಬರುವ ದಾರಿಯಲ್ಲಿ ಪ್ರತಿ ಸಲ ಅದೇ ಯೋಚನೆ: ಎಲೆ ಚೆನ್ನಾಗೇ ಬಂದಿತ್ತಲ್ಲ, ಮತ್ತೆ ದುಡ್ಡು ಎಲ್ಲಿ ಹೋಯಿತು?

ಗುಂಪಿನಲ್ಲಿ ಒಬ್ಬರು ಹಳೇ ಆಟಗಾರರಿದ್ದಾರೆ. ನಾನು ಅಣ್ಣ ಅಂತ ಕರೆಯುತ್ತೇನೆ. ಅವರು ನೇರವಾಗಿ ಹೇಳಿದರು: "ತಮ್ಮಾ, ಕಲರ್ ಬತ್ತದೆ ಅಂತ ಕಾಯ್ಕೊಂಡು ಕೂತ್ರೆ ಕಬ್ಬಿನ ಬಿಲ್ಲೆಲ್ಲ ಇಲ್ಲೇ ಹೋಗ್ತದೆ. ದೊಡ್ಡ ಜೋಡಿ ಬಂದ್ರೆ ಆಡು, ಮಿಕ್ಕಿದ್ದು ಬಿಡು." ಉಳಿದವರೂ ತಲೆಯಾಡಿಸಿದರು. ನನಗೆ ಒಪ್ಪಿಗೆ ಆಗಲಿಲ್ಲ. ದೊಡ್ಡ ಜೋಡಿಗೇ ಕಾದರೆ ರಾತ್ರಿಯಿಡೀ ಟೀ ಕುಡಿಯುತ್ತಾ ಕೂರಬೇಕು. ಎಲೆಯಲ್ಲಿ ತಪ್ಪಿಲ್ಲ, ನಾನು ಆಡುವ ರೀತಿಯಲ್ಲಿ ತಪ್ಪಿದೆ ಅಂತ ನನಗೆ ಅನಿಸಿತ್ತು.

ಮೊದಲು ಒಂದು ಪ್ರಯೋಗ ಮಾಡಿದೆ. ಮನೆಯಲ್ಲಿ ಒಂದು ಕಟ್ಟು ತೆಗೆದುಕೊಂಡು ಆಟಿನ್ 8 ಮತ್ತು 9ನ್ನು ನನ್ನ ಕೈ ಅಂತ ಪಕ್ಕಕ್ಕೆ ಇಟ್ಟೆ. ಉಳಿದ 50 ಎಲೆ ಕಲಸಿ ಮೂರು ಮೂರು ಬಿಚ್ಚುತ್ತಾ ಹೋದೆ; ಮೇಜಿನ ಮೇಲೆ ಮೊದಲು ಬೀಳುವ ಈ ಮೂರು ಎಲೆಯೇ ಫ್ಲಾಪ್. ದಿನಕ್ಕೆ 30 ಸಲದ ಹಾಗೆ, ಒಟ್ಟು 500. ಮಗಳು ಹುಣಸೆಬೀಜ ಇಟ್ಟು ಲೆಕ್ಕ ಹಿಡಿದಳು. ಫ್ಲಾಪ್‌ನಲ್ಲೇ ಪೂರ್ತಿ ಫ್ಲಶ್ ಬಂದದ್ದು ಮೂರೋ ನಾಲ್ಕೋ ಸಲ. ಇನ್ನೊಂದು ಎಲೆ ಬೇಕು ಅನ್ನುವ ಡ್ರಾ ಸಿಕ್ಕಿದ್ದು 50ಕ್ಕೆ ಸ್ವಲ್ಪ ಮೇಲೆ. ಪುಸ್ತಕದ ಲೆಕ್ಕವೂ ಅದೇ: ಪೂರ್ತಿ ಫ್ಲಶ್ 119ಕ್ಕೆ ಒಂದು ಸಲ, ಡ್ರಾ ಒಂಬತ್ತಕ್ಕೆ ಒಂದು ಸಲ. ಓದಿ ಗೊತ್ತಿತ್ತು. ಆದರೆ ಸಾಲು ಸಾಲು ಖಾಲಿ ಫ್ಲಾಪ್‌ಗಳನ್ನು ಕೈಯಾರೆ ಬಿಚ್ಚಿದ ಮೇಲೆ ಅದು ತಲೆಗೆ ಇಳಿಯಿತು. ಒಂದೇ ಜಾತಿ ಅನ್ನುವುದರಿಂದ ಗೆಲ್ಲುವ ಪಾಲು ಹೆಚ್ಚುವುದು ನೂರಕ್ಕೆ ಎರಡು ಮೂರು ಅಷ್ಟೇ. ನಾನು ಅದಕ್ಕೆ ಕೊಡುತ್ತಿದ್ದ ಬೆಲೆ ಅದರ ಹತ್ತು ಪಟ್ಟು.

ಆಮೇಲೆ ಹಳೇ ಕೈಗಳನ್ನು ನೆನಪಿಸಿಕೊಂಡು ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಸೋರಿಕೆ ಎಲ್ಲಿ ಅಂತ ಅಲ್ಲೇ ಸಿಕ್ಕಿತು. ಪಾಟ್‌ನಲ್ಲಿ, ಅಂದರೆ ನಡುವೆ ಕೂಡಿದ ದುಡ್ಡಿನಲ್ಲಿ, 200 ಇರುತ್ತದೆ. ಎದುರಿನವನು ಇನ್ನೂ 200 ಹಾಕುತ್ತಾನೆ. ನಾನು ಡ್ರಾ ಇದೆ ಅಂತ ಅಷ್ಟೇ 200 ಕೊಟ್ಟು (ಇದೇ ಕಾಲ್) ಟರ್ನ್, ಅಂದರೆ ಮೇಜಿನ ನಾಲ್ಕನೇ ಎಲೆ, ನೋಡುತ್ತೇನೆ. ಮುಂದಿನ ಒಂದೇ ಎಲೆಗೆ ಫ್ಲಶ್ ಆಗುವುದು ನೂರಕ್ಕೆ 19 ಸಲ. ಅಂಥ ಒಂದೊಂದು ಕಾಲ್‌ಗೂ ನಾನು ಸುಮಾರು 85 ರೂಪಾಯಿ ಬಿಸಾಕುತ್ತಿದ್ದೆ. ಒಂದು ರಾತ್ರಿಯಲ್ಲಿ ಇಂಥವು ಐದಾರು. ಡ್ರಾ 35 ಪರ್ಸೆಂಟ್ ಕೂಡುತ್ತದೆ ಅನ್ನುವ ಲೆಕ್ಕ ಉಳಿದ ಎರಡೂ ಎಲೆ ನೋಡುವವರಿಗೆ, ಅಂದರೆ ಇದ್ದದ್ದೆಲ್ಲ ಹಾಕಿ ಆಲ್ ಇನ್ ಆದವರಿಗೆ. ಟರ್ನ್‌ನಲ್ಲಿ ಅವನು ಮತ್ತೆ ದುಡ್ಡು ಕೇಳುತ್ತಾನೆ ಅನ್ನುವುದನ್ನು ನಾನು ಮರೆತೇ ಬಿಟ್ಟಿದ್ದೆ.

ಆಗ ಮೂರು ಬದಲಾವಣೆ ಮಾಡಿಕೊಂಡೆ. ರಾಜ-4, ರಾಣಿ-6 ತರದ ಸೂಟೆಡ್ ಎಲೆ ಪೂರ್ತಿ ಬಿಟ್ಟೆ. ಎಕ್ಕದ ಜೊತೆ ಅದೇ ಜಾತಿಯ ಎಲೆ, ಇಲ್ಲವೇ 8-9, 9-10, 10-ಗುಲಾಮ, ಅಷ್ಟೇ. ಅದೂ ಬಟನ್, ಅಂದರೆ ಎಲ್ಲರಿಗಿಂತ ಕೊನೆಗೆ ಆಡುವ ಜಾಗ, ಅಥವಾ ಅದಕ್ಕೆ ಮುಂಚಿನ ಜಾಗದಲ್ಲಿ ಕೂತಾಗ ಮಾತ್ರ. ಮತ್ತೆ ನಾನು ಹಾಕುವ ದುಡ್ಡಿನ 20 ಪಟ್ಟಾದರೂ ಎದುರಿನವನ ಮುಂದೆ ಇರಬೇಕು. 300 ರೂಪಾಯಿ ಉಳಿಸಿಕೊಂಡು ಕೂತವನ ಮೇಲೆ ಡ್ರಾ ಆಡಿದರೆ, ಬಂದರೂ ಏನು ಸಿಗುತ್ತದೆ?

ಮೊದಲ ಎರಡು ತಿಂಗಳು ಇದೂ ಕೈಕೊಟ್ಟಿತು. ಒಂದು ರಾತ್ರಿ ಒಂದು ಗಂಟೆ, ಎಲ್ಲರ ಮುಂದೆಯೂ ಚಿಪ್ಸ್ ಗುಡ್ಡೆ. ನನ್ನ ಕೈಯಲ್ಲಿ ಕಳಾವರ್ 8-9. ಫ್ಲಶ್ ಬಂತು. ಎದುರಿನವನ ಹತ್ತಿರ ಕಳಾವರ್ ಎಕ್ಕ-5, ನನ್ನದಕ್ಕಿಂತ ದೊಡ್ಡ ಫ್ಲಶ್. ಒಂದೇ ಕೈಯಲ್ಲಿ 3,200 ಹೋಯಿತು. ಅಣ್ಣ ಏನೂ ಮಾತಾಡಲಿಲ್ಲ. ನನ್ನ ಮುಖ ನೋಡಿ ಟೀ ಬಗ್ಗಿಸಿಕೊಟ್ಟರು, ಅಷ್ಟೇ. ಆವತ್ತಿನಿಂದ ಸಣ್ಣ ಫ್ಲಶ್ ಆದಾಗ ಪಾಟ್ ದೊಡ್ಡದು ಮಾಡುವುದಿಲ್ಲ. ಬೋರ್ಡ್‌ನಲ್ಲಿ, ಅಂದರೆ ಮೇಜಿನ ಎಲೆಗಳಲ್ಲಿ, ಜೋಡಿ ಬಿದ್ದರೆ ಇನ್ನೂ ಹುಷಾರು.

ನಿಜವಾಗಿ ಲೆಕ್ಕ ತಿರುಗಿದ್ದು ನಾನು ಕಾಲ್ ಮಾಡುವುದು ಬಿಟ್ಟು ಮೊದಲು ಬೆಟ್ ಮಾಡಲು ಶುರು ಮಾಡಿದ ಮೇಲೆ. ಪಾಟ್ 300 ಇದ್ದಾಗ ನಾನೇ 200 ಹಾಕುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಅವರು ಎಲೆ ಬಿಟ್ಟರೆ ಸಾಕು, ನನಗೆ ಒಂದೂ ಡ್ರಾ ಕೂಡದಿದ್ದರೂ ಅಸಲು ಉಳಿಯುತ್ತದೆ. ಡ್ರಾ ಕೂಡಿದ್ದೆಲ್ಲ ಮೇಲಿನ ಲಾಭ. ಮೊದಲು ಕಾಯುತ್ತಾ ದುಡ್ಡು ಕೊಡುತ್ತಿದ್ದೆ. ಈಗ ಅವರು ಯೋಚನೆ ಮಾಡಬೇಕು. ಯಾರ ಮೇಲೆ ಹಾಕಬೇಕು, ಯಾರ ಮೇಲೆ ಹಾಕಬಾರದು ಅನ್ನುವುದಕ್ಕೆ ನನ್ನದೊಂದು ಗುರುತು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಶನಿವಾರ ಅದೇ ಏಳು ಜನರ ಜೊತೆ ಕೂರಬೇಕಲ್ವಾ.

ಒಂದು ಕೈ ಮಾತ್ರ ಹೇಳಲೇಬೇಕು. ಆಟಿನ್ 8-9, ನಾನು ಬಟನ್. ಫ್ಲಾಪ್‌ಗೆ ಆಟಿನ್ 10, ಆಟಿನ್ 2, ಕಳಾವರ್ 7. ಫ್ಲಶ್‌ಗೆ ಒಂಬತ್ತು ಎಲೆ, ಸ್ಟ್ರೈಟ್‌ಗೆ (ಸಾಲಾಗಿ ಐದು ಎಲೆ) ಇನ್ನೂ ಆರು. ಒಟ್ಟು 15. ಇಂಥ ಕಡೆ ಎದುರಿಗೆ ರಾಜನ ಜೋಡಿ ಇದ್ದರೂ ನಾನೇ ಒಂದು ಹೆಜ್ಜೆ ಮುಂದೆ, ನೂರಕ್ಕೆ 54 ಸಲ ನನ್ನದು ಕೂಡುತ್ತದೆ. ಅಣ್ಣ ಬೆಟ್ ಮಾಡಿದರು, ನಾನು ಎಲ್ಲಾ ಮುಂದಕ್ಕೆ ತಳ್ಳಿದೆ. ಅವರ ಹತ್ತಿರ ರಾಜನ ಜೋಡಿಯೇ ಇತ್ತು. ಟರ್ನ್‌ನಲ್ಲಿ ಇಸ್ಪೀಟ್ ಗುಲಾಮ ಬಿತ್ತು, ಸ್ಟ್ರೈಟ್ ಕೂಡಿತು. 2,800ರ ಪಾಟ್. ಅಣ್ಣ ಎಲೆ ಮುಚ್ಚಿ "ಆ ನೋಟ್‌ಬುಕ್ ಒಂದ್ಸಲ ಕೊಡು ತಮ್ಮಾ" ಅಂದರು. ಕೊಟ್ಟೆ. ಎರಡು ಪುಟ ಬಿಟ್ಟು.

ನಡುವೆ ಆ್ಯಪ್‌ನಲ್ಲೂ ಸಣ್ಣ ದುಡ್ಡಿಗೆ ಇದನ್ನೇ ಆಡಿ ನೋಡುತ್ತಿದ್ದೆ. ಕೈಗಳ ಸಂಖ್ಯೆ ಬೇಗ ಏರುತ್ತಿತ್ತು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಹಣದ ಆಟಗಳಿಗೆ ಕೇಂದ್ರದ ಕಾನೂನು ಬಂದು ಅದು ನಿಂತಿತು. ಈಗ ಇರುವುದು ಮಹಡಿ ಕೋಣೆ ಒಂದೇ. ನೋಟ್‌ಬುಕ್ ಪ್ರಕಾರ ಕಳೆದ ಹದಿನಾಲ್ಕು ತಿಂಗಳಲ್ಲಿ ಡ್ರಾ ಎಲೆಗಳಿಂದಲೇ 26 ಸಾವಿರದಷ್ಟು ಬಂದಿದೆ. ಹಳೇ ನಷ್ಟ ಪೂರ್ತಿ ತುಂಬಿಲ್ಲ, ಇನ್ನು 12 ಸಾವಿರ ಬಾಕಿ.

ಈಗ ಗಟ್‌ಶಾಟ್ ಹಿಡಿದಿದ್ದೇನೆ. ಸ್ಟ್ರೈಟ್‌ನ ನಡುವಿನ ಒಂದು ಎಲೆಗೆ ಕಾಯುವ ಡ್ರಾ ಅದು. ಕೂಡಿಸುವ ಎಲೆ ನಾಲ್ಕೇ, ಎರಡೂ ಎಲೆ ನೋಡಿದರೂ ನೂರಕ್ಕೆ 16-17 ಸಲ. ಎಲ್ಲರೂ ಸುಮ್ನೆ ದಂಡ ಅನ್ನುತ್ತಾರೆ. ಕೈಯಲ್ಲಿ ಎಕ್ಕವೂ ಇದ್ದಾಗ ಮಾತ್ರ ಬೆಟ್ ಮಾಡಿ ನೋಡುತ್ತಿದ್ದೇನೆ. 60 ಕೈ ಆಗಿದೆ. 900 ರೂಪಾಯಿ ನಷ್ಟ. 200 ಕೈ ಆಗುವವರೆಗೆ ನಿಲ್ಲಿಸುವುದಿಲ್ಲ.